ಕೆಲಸದ ಸ್ಥಳಗಳಲ್ಲಿ ತುರ್ತು ನಿರ್ಗಮನ ಮಾರ್ಗಗಳು: ಸುರಕ್ಷತಾ ಅಗತ್ಯಗಳ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಕಾರ್ಖಾನೆ, ಕಛೇರಿ, ಗೋದಾಮು, ಅಂಗಡಿ ಮುಂತಾದ ಯಾವುದೇ ಕೆಲಸದ ಸ್ಥಳದಲ್ಲಿ ಬೆಂಕಿ, ಸ್ಫೋಟ ಅಥವಾ ವಿಷಾನಿಲ ಸೋರಿಕೆ ಸಂಭವಿಸಿದಾಗ ಅಗ್ನಿಶಾಮಕ ವಾಹನವು ಸ್ಥಳಕ್ಕೆ ತಲುಪುವ ಮೊದಲಿನ ಕೆಲವು ನಿಮಿಷಗಳೇ ನಿರ್ಣಾಯಕವಾಗಿರುತ್ತವೆ. ಆ ಅವಧಿಯಲ್ಲಿ ಒಳಗಿರುವವರ ಪ್ರಾಣವು ಅವರು ತಾವಾಗಿಯೇ ಹೊರಬರಲು ಇರುವ ದಾರಿಯನ್ನು ಅವಲಂಬಿಸಿರುತ್ತದೆ. ಆದುದರಿಂದ ತುರ್ತು ನಿರ್ಗಮನ ಮಾರ್ಗವನ್ನು ಕಟ್ಟಡದ ಒಂದು ಹೆಚ್ಚುವರಿ ಸೌಲಭ್ಯವೆಂದು ಭಾವಿಸತಕ್ಕದ್ದಲ್ಲ. ಅದು ಕಟ್ಟಡದ ಅತ್ಯಾವಶ್ಯಕ ಅಂಗವಾಗಿರುತ್ತದೆ.

ಅನುಮೋದಿತ ನಕ್ಷೆಯಲ್ಲಿ ಎರಡು ಬಾಗಿಲುಗಳಿದ್ದು, ಅವುಗಳಲ್ಲಿ ಒಂದಕ್ಕೆ ಬೀಗ ಹಾಕಿದ್ದಲ್ಲಿ ಆ ಕಟ್ಟಡಕ್ಕೆ ಇರುವುದು ಒಂದೇ ಬಾಗಿಲು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಈ ವಿಷಯಕ್ಕೆ ಸಂಬಂಧಿಸಿದ ಬಹುತೇಕ ನಿಯಮಗಳ ಉದ್ದೇಶವು ತಾನಾಗಿಯೇ ಅರ್ಥವಾಗುತ್ತದೆ. ನಕ್ಷೆ ಅನುಮೋದನೆ ಹಾಗೂ ಪರವಾನಗಿಗಾಗಿ ಅರ್ಜಿ ಸಲ್ಲಿಸುವ ಅಧಿಭೋಗದಾರರು, ವ್ಯವಸ್ಥಾಪಕರು, ಕಟ್ಟಡ ಮಾಲೀಕರು ಮತ್ತು ಅಲ್ಲಿ ದುಡಿಯುವ ಕಾರ್ಮಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ತುರ್ತು ನಿರ್ಗಮನ ಮಾರ್ಗ ಎಂದರೇನು?

ಸಾಮಾನ್ಯವಾಗಿ ಜನರು ತುರ್ತು ನಿರ್ಗಮನವೆಂದರೆ ಹಸಿರು ಫಲಕ ಹಾಕಿದ ಒಂದು ಬಾಗಿಲು ಎಂದು ತಿಳಿದಿರುತ್ತಾರೆ. ವಾಸ್ತವವಾಗಿ ಅದು ಒಂದು ಸಂಪೂರ್ಣ ದಾರಿ. ಈ ದಾರಿಯಲ್ಲಿ ಮೂರು ಭಾಗಗಳಿರುತ್ತವೆ.

ಅ) ಕೆಲಸಗಾರನು ಕುಳಿತ ಅಥವಾ ನಿಂತ ಜಾಗದಿಂದ ನಿರ್ಗಮನ ದ್ವಾರದವರೆಗಿನ ದಾರಿ. ಯಂತ್ರಗಳ ನಡುವಿನ ಓಡಾಟದ ಜಾಗ, ನಡುದಾರಿ ಮತ್ತು ಪಡಸಾಲೆಗಳು ಇದರಲ್ಲಿ ಸೇರುತ್ತವೆ.

ಆ) ನಿರ್ಗಮನ ದ್ವಾರ ಹಾಗೂ ಅದರಾಚೆಗೆ ಬೆಂಕಿ ಮತ್ತು ಹೊಗೆಯಿಂದ ರಕ್ಷಿತವಾದ ಮೆಟ್ಟಿಲು ಅಥವಾ ಮೊಗಸಾಲೆ.

ಇ) ಮೆಟ್ಟಿಲಿನ ಕೊನೆಯಿಂದ ಕಟ್ಟಡದ ಹೊರಗಿನ ಬಯಲಿನವರೆಗೆ, ಅಂದರೆ ಜನರು ಸುರಕ್ಷಿತವಾಗಿ ಸೇರಬಹುದಾದ ಸ್ಥಳದವರೆಗಿನ ದಾರಿ.

ಈ ಮೂರರಲ್ಲಿ ಯಾವುದೇ ಒಂದು ಭಾಗವು ಮುಚ್ಚಿದ್ದರೂ ಇಡೀ ಮಾರ್ಗವು ನಿರುಪಯುಕ್ತವಾಗುತ್ತದೆ. ಮೆಟ್ಟಿಲು ಸುಸ್ಥಿತಿಯಲ್ಲಿದ್ದು ಅದರ ಬುಡದಲ್ಲಿ ಸರಕಿನ ಪೆಟ್ಟಿಗೆಗಳನ್ನು ಪೇರಿಸಿದ್ದರೆ, ಅಥವಾ ಹೊರಬಾಗಿಲು ತೆರೆದಿದ್ದು ಆವರಣದ ಗೇಟಿಗೆ ಬೀಗವಿದ್ದರೆ, ಜನರು ಹೊರಬರಲಾಗುವುದಿಲ್ಲ. ಲಿಫ್ಟ್, ಎಸ್ಕಲೇಟರ್ ಮತ್ತು ತಿರುಗುವ ಬಾಗಿಲುಗಳನ್ನು ತುರ್ತು ನಿರ್ಗಮನ ಮಾರ್ಗಗಳೆಂದು ಪರಿಗಣಿಸಲಾಗುವುದಿಲ್ಲ.

3. ಕಾನೂನಿನ ಉಪಬಂಧಗಳು

3.1 ಕಾರ್ಖಾನೆಗಳ ಅಧಿನಿಯಮ, 1948: ಸದರಿ ಅಧಿನಿಯಮದ 38ನೇ ಪ್ರಕರಣವು ಬೆಂಕಿಯ ಸಂದರ್ಭದಲ್ಲಿ ವಹಿಸಬೇಕಾದ ಮುಂಜಾಗ್ರತೆಗೆ ಸಂಬಂಧಿಸಿದ್ದಾಗಿತ್ತು. ಅದರ ಮೂಲ ಪಾಠದಲ್ಲಿ, ಕೊಠಡಿಯೊಳಗೆ ಯಾವೊಬ್ಬ ವ್ಯಕ್ತಿ ಇರುವವರೆಗೂ ಹೊರಹೋಗುವ ಬಾಗಿಲನ್ನು ಒಳಗಿನಿಂದ ಸುಲಭವಾಗಿ ಮತ್ತು ತಕ್ಷಣವೇ ತೆರೆಯಲಾಗದ ರೀತಿಯಲ್ಲಿ ಬೀಗ ಹಾಕಬಾರದು ಅಥವಾ ಭದ್ರಪಡಿಸಬಾರದು ಎಂದು ವಿಧಿಸಲಾಗಿತ್ತು. ಸರಿಯುವ ಬಾಗಿಲುಗಳನ್ನು ಹೊರತುಪಡಿಸಿ ಉಳಿದೆಲ್ಲ ಬಾಗಿಲುಗಳು ಹೊರಮುಖವಾಗಿ ತೆರೆಯಬೇಕೆಂದೂ, ತುರ್ತು ದ್ವಾರಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಗುರುತಿಸಬೇಕೆಂದೂ ಹೇಳಲಾಗಿತ್ತು. 1976ರ ತಿದ್ದುಪಡಿಯ ನಂತರ ಈ ಪ್ರಕರಣವು ಎಲ್ಲ ವ್ಯಕ್ತಿಗಳಿಗೂ ಸುರಕ್ಷಿತ ಪಾರಾಗುವ ಮಾರ್ಗವನ್ನು ಒದಗಿಸಿ ನಿರ್ವಹಿಸುವುದನ್ನು, ಹಾಗೂ ಕಾರ್ಮಿಕರಿಗೆ ಆ ಮಾರ್ಗಗಳ ಪರಿಚಯವಿದ್ದು ಸಾಕಷ್ಟು ತರಬೇತಿ ದೊರೆತಿರುವುದನ್ನು ಕಡ್ಡಾಯಗೊಳಿಸಿತು. ವಿವರಗಳನ್ನು ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳ ನಿಯಮಗಳಿಗೆ ಬಿಡಲಾಯಿತು. ಕರ್ನಾಟಕದಲ್ಲಿ ಕರ್ನಾಟಕ ಕಾರ್ಖಾನೆಗಳ ನಿಯಮಗಳು, 1969 ಅನ್ವಯವಾಗುತ್ತಿದ್ದವು.

3.2 ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020: ಈ ಸಂಹಿತೆಯು ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, 1948ರ ಅಧಿನಿಯಮವೂ ಸೇರಿದಂತೆ 13 ಕೇಂದ್ರ ಕಾಯ್ದೆಗಳ ವಿಷಯಗಳನ್ನು ಒಳಗೊಂಡಿದೆ. ವಿದ್ಯುಚ್ಛಕ್ತಿ ಬಳಸುವಲ್ಲಿ 20 ಮತ್ತು ಬಳಸದಿರುವಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ತಯಾರಿಕಾ ಸ್ಥಳವನ್ನು ಈಗ ಕಾರ್ಖಾನೆಯೆಂದು ಪರಿಗಣಿಸಲಾಗುತ್ತದೆ. 1948ರ ಅಧಿನಿಯಮದಲ್ಲಿ ಈ ಸಂಖ್ಯೆಗಳು ಕ್ರಮವಾಗಿ 10 ಮತ್ತು 20 ಆಗಿದ್ದವು. ಆದರೆ 10 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕೆ, ವ್ಯಾಪಾರ ಅಥವಾ ವ್ಯವಹಾರದ ಸ್ಥಳವು ಸಂಹಿತೆಯ ಅರ್ಥದಲ್ಲಿ ‘ಸಂಸ್ಥೆ’ ಎನಿಸುವುದರಿಂದ, ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗುಳಿದ ಸಣ್ಣ ಘಟಕದ ಉದ್ಯೋಗದಾತನ ಸುರಕ್ಷತಾ ಹೊಣೆ ಅಷ್ಟಕ್ಕೇ ಇಲ್ಲವಾಗುವುದಿಲ್ಲ. ಕೆಲಸದ ಸ್ಥಳವನ್ನು ಗಾಯಕ್ಕೆ ಕಾರಣವಾಗುವ ಅಪಾಯಗಳಿಂದ ಮುಕ್ತವಾಗಿಡುವುದು 6ನೇ ಪ್ರಕರಣದಂತೆ ಉದ್ಯೋಗದಾತರ ಕರ್ತವ್ಯವಾಗಿರುತ್ತದೆ. ಕರ್ತವ್ಯಲೋಪದಿಂದ ಅಪಘಾತವಾಗಿ ಸಾವು ಸಂಭವಿಸಿದಲ್ಲಿ 2 ವರ್ಷಗಳವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಲು ಸಂಹಿತೆಯಲ್ಲಿ ಅವಕಾಶವಿದೆ.

ಹಿಂದಿನ ಕಾಯ್ದೆಗಳಡಿ ರಚಿಸಲಾದ ನಿಯಮಗಳು ಸಂಹಿತೆಗೆ ಅಸಂಗತವಾಗಿರದ ಮಟ್ಟಿಗೆ ಮುಂದುವರಿಯಲು ಸಂಹಿತೆಯು ಅನುವು ಮಾಡಿಕೊಟ್ಟಿದೆ. ಆದುದರಿಂದ ಅರ್ಜಿದಾರರು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಸಂಬಂಧಪಟ್ಟ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ.

3.3 ಭಾರತೀಯ ರಾಷ್ಟ್ರೀಯ ಕಟ್ಟಡ ಸಂಹಿತೆ, 2016: ಇದರ 4ನೇ ಭಾಗವು ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲಾಗಿದೆ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಈ ಸಂಹಿತೆಯು ಸ್ವತಃ ಶಿಫಾರಸಿನ ಸ್ವರೂಪದ್ದು. ಸ್ಥಳೀಯ ಕಟ್ಟಡ ಉಪವಿಧಿಗಳ ಮೂಲಕ ಅಥವಾ ಅಗ್ನಿಶಾಮಕ ಇಲಾಖೆಯು ವಿಧಿಸುವ ಷರತ್ತುಗಳ ಮೂಲಕ ಅದರ ಅಂಶಗಳು ಕಟ್ಟಡಕ್ಕೆ ಬದ್ಧವಾಗುತ್ತವೆ. ಮುಂದಿನ ಪರಿಚ್ಛೇದಗಳಲ್ಲಿ ನೀಡಿರುವ ಅಳತೆಗಳು ಈ ಸಂಹಿತೆಯಿಂದ ತೆಗೆದುಕೊಂಡವುಗಳಾಗಿವೆ.

4. ಮುಚ್ಚಿದ ಬಾಗಿಲುಗಳಿಂದ ಸಂಭವಿಸಿದ ದುರಂತಗಳು

4.1 ನ್ಯೂಯಾರ್ಕ್, 1911: ಮಾರ್ಚ್ 25, 1911ರಂದು ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಕಾರ್ಖಾನೆಯು ಹತ್ತು ಮಹಡಿಗಳ ಕಟ್ಟಡವೊಂದರ ಮೇಲಿನ ಮೂರು ಮಹಡಿಗಳಲ್ಲಿತ್ತು. 146 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಯುವತಿಯರು. ಮೆಟ್ಟಿಲಿಗೆ ಹೋಗುವ ಒಂದು ಬಾಗಿಲು ಬೀಗ ಹಾಕಿದ ಸ್ಥಿತಿಯಲ್ಲಿತ್ತು. ಹೊರಗೋಡೆಗೆ ಅಳವಡಿಸಿದ್ದ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು.

4.2 ಬೆಂಗಳೂರು, 2010: ಫೆಬ್ರವರಿ 23, 2010ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಛೇರಿ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. ವಿದ್ಯುತ್ ತಂತಿಗಳನ್ನು ಸಾಗಿಸುವ ಲಂಬ ಕೊಳವೆಯ ಮೂಲಕ ದಟ್ಟ ಹೊಗೆ ಮೇಲಿನ ಮಹಡಿಗಳಿಗೆ ವ್ಯಾಪಿಸಿತು. ಹೊಗೆಯಲ್ಲಿ ಸಿಲುಕಿದವರಲ್ಲಿ ಕೆಲವರು ಕಿಟಕಿ ಗಾಜುಗಳನ್ನು ಒಡೆದು ಕೆಳಗೆ ಜಿಗಿದರು. 9 ಮಂದಿ ಪ್ರಾಣ ಕಳೆದುಕೊಂಡರು. ರಾಜ್ಯದಲ್ಲಿ ಬಹುಮಹಡಿ ಕಟ್ಟಡಗಳ ನಿರ್ಗಮನ ವ್ಯವಸ್ಥೆಯ ಬಗ್ಗೆ ಸಾರ್ವಜನಿಕ ಚರ್ಚೆ ಮೊದಲಾಗಲು ಈ ಘಟನೆ ಕಾರಣವಾಯಿತು.

4.3 ದೆಹಲಿ, 2022: ಮೇ 13, 2022ರಂದು ಪಶ್ಚಿಮ ದೆಹಲಿಯ ಮುಂಡ್ಕಾದಲ್ಲಿ ವಾಣಿಜ್ಯ ಕಟ್ಟಡವೊಂದು ಬೆಂಕಿಗೆ ಆಹುತಿಯಾಗಿ 27 ಮಂದಿ ಸಾವನ್ನಪ್ಪಿದರು. ಆ ಕಟ್ಟಡಕ್ಕೆ ಒಳಬರಲು ಮತ್ತು ಹೊರಹೋಗಲು ಒಂದೇ ದಾರಿಯಿತ್ತು.

ಈ ಮೂರು ಘಟನೆಗಳ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಕಾಲ, ದೇಶ ಮತ್ತು ಉದ್ಯಮ ಬೇರೆಯಾದರೂ ಬೆಂಕಿಯಷ್ಟೇ ಹೊಗೆಯೂ, ಹೊಗೆಯಷ್ಟೇ ಹೊರದಾರಿಯ ಅಭಾವವೂ ಮಾರಕವೆಂಬುದನ್ನು ಇವು ತೋರಿಸುತ್ತವೆ. ಬೆಂಕಿಯು ಒಂದು ಮೂಲೆಯಲ್ಲಿದ್ದಾಗಲೇ ಹೊಗೆಯು ಮೆಟ್ಟಿಲು ಹಾಗೂ ಕೊಳವೆಗಳ ಮೂಲಕ ಮೇಲೇರುತ್ತದೆ. ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಅದನ್ನು ಉಸಿರಾಡಿದವರು ಅಪಾಯದ ಅರಿವಾಗುವ ಮೊದಲೇ ಪ್ರಜ್ಞೆ ತಪ್ಪಬಹುದು.

5. ಮಾರ್ಗಗಳ ಸಂಖ್ಯೆ, ಅಗಲ ಮತ್ತು ದೂರ

5.1 ದೂರ: ಕೆಲಸಗಾರನು ನಿರ್ಗಮನ ದ್ವಾರವನ್ನು ತಲುಪಲು ಕ್ರಮಿಸಬೇಕಾದ ಗರಿಷ್ಠ ದೂರವು ಕಟ್ಟಡದ ಬಳಕೆಯನ್ನು ಅವಲಂಬಿಸಿರುತ್ತದೆ. ಅಗ್ನಿನಿರೋಧಕ ಗುಣವುಳ್ಳ ಮೊದಲೆರಡು ವರ್ಗದ ಕಟ್ಟಡಗಳಲ್ಲಿ ಈ ಮಿತಿಯು ಕೆಳಕಂಡಂತಿದೆ.

ಕಡಿಮೆ ಮತ್ತು ಮಧ್ಯಮ ಅಪಾಯದ ಕೈಗಾರಿಕೆ: 45 ಮೀಟರ್
ಹೆಚ್ಚು ಅಪಾಯದ ಕೈಗಾರಿಕೆ: 22.5 ಮೀಟರ್
ಕಛೇರಿ ಹಾಗೂ ವ್ಯಾಪಾರ ಮಳಿಗೆ: 30 ಮೀಟರ್
ದಾಸ್ತಾನು ಕಟ್ಟಡ: 30 ಮೀಟರ್
ಅಪಾಯಕಾರಿ ವಸ್ತುಗಳ ಕಟ್ಟಡ: 22.5 ಮೀಟರ್

ಇಡೀ ಕಟ್ಟಡಕ್ಕೆ ಸ್ವಯಂಚಾಲಿತ ನೀರು ಸಿಂಪಡಣಾ ವ್ಯವಸ್ಥೆಯಿದ್ದಲ್ಲಿ ಈ ಮಿತಿಯನ್ನು ಶೇ. 50ರಷ್ಟು ಹೆಚ್ಚಿಸಲು ಅವಕಾಶವಿದೆ. ದೂರವನ್ನು ಮನುಷ್ಯನು ನಿಜವಾಗಿ ನಡೆಯುವ ದಾರಿಯಲ್ಲಿ ಅಳೆಯಬೇಕೇ ಹೊರತು ನಕ್ಷೆಯ ಮೇಲೆ ಗೆರೆ ಎಳೆದು ಅಲ್ಲ. ಯಂತ್ರಗಳನ್ನೂ ಮೇಜುಗಳನ್ನೂ ಸುತ್ತಿ ಬರುವ ದಾರಿಯು ನೇರ ಗೆರೆಗಿಂತ ಉದ್ದವಾಗಿರುತ್ತದೆ. ಒಂದೇ ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿರುವ ಪಡಸಾಲೆಯ ಉದ್ದವು ಕೈಗಾರಿಕೆ ಮತ್ತು ಕಛೇರಿಗಳಲ್ಲಿ 15 ಮೀಟರ್ ಮೀರಬಾರದು.

5.2 ಅಗಲ: ಕೈಗಾರಿಕೆ ಮತ್ತು ಕಛೇರಿ ಕಟ್ಟಡಗಳಲ್ಲಿ ಮೆಟ್ಟಿಲಿಗೆ ಪ್ರತಿ ವ್ಯಕ್ತಿಗೆ 10 ಮಿಲಿಮೀಟರ್, ಬಾಗಿಲು ಮತ್ತು ಸಮತಟ್ಟಾದ ದಾರಿಗೆ ಪ್ರತಿ ವ್ಯಕ್ತಿಗೆ 6.5 ಮಿಲಿಮೀಟರ್ ಅಗಲವನ್ನು ಲೆಕ್ಕ ಹಾಕಲಾಗುತ್ತದೆ. ಅಪಾಯಕಾರಿ ವಸ್ತುಗಳ ಕಟ್ಟಡಗಳಲ್ಲಿ ಈ ಪ್ರಮಾಣವು ಕ್ರಮವಾಗಿ 18 ಮತ್ತು 10 ಮಿಲಿಮೀಟರ್ ಆಗಿರುತ್ತದೆ. ಲೆಕ್ಕದಲ್ಲಿ ಎಷ್ಟೇ ಬಂದರೂ ನಿರ್ಗಮನ ದ್ವಾರದ ಅಗಲ 1 ಮೀಟರ್‌ಗೆ, ಎತ್ತರ 2 ಮೀಟರ್‌ಗೆ ಮತ್ತು ಕೈಗಾರಿಕಾ ಕಟ್ಟಡದ ಮೆಟ್ಟಿಲಿನ ಅಗಲ 1.5 ಮೀಟರ್‌ಗೆ ಕಡಿಮೆಯಿರಬಾರದು.

5.3 ಪರಸ್ಪರ ಅಂತರ: ಎರಡು ನಿರ್ಗಮನ ದ್ವಾರಗಳು ಅಕ್ಕಪಕ್ಕದಲ್ಲಿದ್ದರೆ ಒಂದೇ ಬೆಂಕಿಯು ಎರಡನ್ನೂ ಮುಚ್ಚಿಬಿಡಬಹುದು. ಆದುದರಿಂದ ಅವುಗಳ ನಡುವಿನ ಅಂತರವು ಆ ಮಹಡಿಯ ಅತ್ಯಂತ ಉದ್ದದ ಕರ್ಣದ ಅರ್ಧಕ್ಕೆ ಕಡಿಮೆಯಿರಬಾರದು. ನೀರು ಸಿಂಪಡಣಾ ವ್ಯವಸ್ಥೆಯಿರುವಲ್ಲಿ ಮೂರನೆಯ ಒಂದು ಭಾಗ ಸಾಕಾಗುತ್ತದೆ.

5.4 ಉದಾಹರಣೆ: ಸಿದ್ಧ ಉಡುಪು ಘಟಕವೊಂದರ ಮೇಲಿನ ಮಹಡಿಯು 40 ಮೀಟರ್ ಉದ್ದ, 30 ಮೀಟರ್ ಅಗಲವಿದೆ ಎಂದು ಭಾವಿಸೋಣ. ವಿಸ್ತೀರ್ಣ 1,200 ಚದರ ಮೀಟರ್. ಕೈಗಾರಿಕಾ ಕಟ್ಟಡದಲ್ಲಿ 10 ಚದರ ಮೀಟರ್‌ಗೆ ಒಬ್ಬರಂತೆ ಲೆಕ್ಕ ಹಾಕಿದರೆ 120 ಮಂದಿ ಆಗುತ್ತಾರೆ. ಆದರೆ ಹೊಲಿಗೆ ಯಂತ್ರಗಳ ಸಾಲುಗಳಲ್ಲಿ ವಾಸ್ತವವಾಗಿ 300 ಮಂದಿ ಕೆಲಸ ಮಾಡುತ್ತಿದ್ದರೆ 300ನ್ನೇ ಆಧಾರವಾಗಿ ತೆಗೆದುಕೊಳ್ಳಬೇಕು. ಲೆಕ್ಕದ ಸಂಖ್ಯೆಯು ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ.

300 ಮಂದಿಗೆ ಬೇಕಾದ ಮೆಟ್ಟಿಲುಗಳ ಒಟ್ಟು ಅಗಲ 3,000 ಮಿಲಿಮೀಟರ್, ಅಂದರೆ 1.5 ಮೀಟರ್ ಅಗಲದ ಎರಡು ಮೆಟ್ಟಿಲುಗಳು. ಬಾಗಿಲುಗಳ ಒಟ್ಟು ಅಗಲ 1,950 ಮಿಲಿಮೀಟರ್, ಅಂದರೆ 1 ಮೀಟರ್ ಅಗಲದ ಎರಡು ಬಾಗಿಲುಗಳು. ಮಹಡಿಯ ಕರ್ಣ 50 ಮೀಟರ್ ಆಗುವುದರಿಂದ ಈ ಎರಡು ದ್ವಾರಗಳ ನಡುವೆ ಕನಿಷ್ಠ 25 ಮೀಟರ್ ಅಂತರವಿರಬೇಕು.

ಈ ಲೆಕ್ಕದಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಎರಡನೆಯ ಮೆಟ್ಟಿಲು ಬಿಡುವಿನದಲ್ಲ, ಅಂದರೆ ಮೊದಲನೆಯದು ಕೆಟ್ಟಾಗ ಬಳಸಲು ಇಟ್ಟದ್ದಲ್ಲ. ಅದು 150 ಮಂದಿಯ ದಾರಿ. ಅದಕ್ಕೆ ಬೀಗ ಹಾಕಿದ ದಿನ ಆ ಮಹಡಿಯಲ್ಲಿರುವ ಅರ್ಧದಷ್ಟು ಜನರಿಗೆ ಮೆಟ್ಟಿಲೇ ಇರುವುದಿಲ್ಲ.

6. ನಿರ್ಗಮನ ದ್ವಾರಗಳು

ಅ) ದ್ವಾರವು ಹೊರಮುಖವಾಗಿ ತೆರೆಯತಕ್ಕದ್ದು. ಒಳಮುಖವಾಗಿ ತೆರೆಯುವ ಬಾಗಿಲಿಗೆ ಜನರು ಒತ್ತಿ ನಿಂತಾಗ ಅದನ್ನು ಎಳೆಯಲು ಜಾಗವೇ ಸಿಗುವುದಿಲ್ಲ.

ಆ) ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವಂತಿರಬೇಕು. ಕೀಲಿಕೈಯನ್ನು ಪಕ್ಕದ ಮೊಳೆಗೆ ತೂಗುಹಾಕಿರುವುದು ಅಥವಾ ಕಾವಲುಗಾರನ ಬಳಿ ಇರುವುದು ಈ ಅಗತ್ಯವನ್ನು ಪೂರೈಸುವುದಿಲ್ಲ. ಹೊಗೆ ತುಂಬಿದ ಕತ್ತಲೆಯಲ್ಲಿ ಕೀಲಿಕೈ ಹುಡುಕುವುದು, ಬೀಗದ ರಂಧ್ರ ಹುಡುಕುವುದು ಸಾಧ್ಯವಾಗದ ಕೆಲಸ. ಮೈಯಿಂದ ತಳ್ಳಿದರೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಚಿಲಕ ಉತ್ತಮ ವ್ಯವಸ್ಥೆಯಾಗಿದೆ.

ಇ) ಕಾರ್ಡ್ ಅಥವಾ ಬೆರಳಚ್ಚಿನಿಂದ ತೆರೆಯುವ ವಿದ್ಯುನ್ಮಾನ ಬಾಗಿಲುಗಳು ವಿದ್ಯುತ್ ಕಡಿತವಾದಾಗ ಹಾಗೂ ಅಗ್ನಿ ಎಚ್ಚರಿಕೆ ಮೊಳಗಿದಾಗ ತಾವಾಗಿಯೇ ತೆರೆದುಕೊಳ್ಳುವಂತಿರಬೇಕು. ಜೊತೆಗೆ ಕೈಯಿಂದ ತೆರೆಯುವ ವ್ಯವಸ್ಥೆಯೂ ಇರಬೇಕು.

ಈ) ಬಾಗಿಲು ತೆರೆದ ಕೂಡಲೇ ಮೆಟ್ಟಿಲಿನ ಇಳಿಜಾರು ಎದುರಾಗಬಾರದು. ಬಾಗಿಲಿನ ಅಗಲಕ್ಕೆ ಕಡಿಮೆಯಿಲ್ಲದ ಸಮತಟ್ಟಾದ ಅಟ್ಟಣೆ ನಡುವೆ ಇರಬೇಕು.

ಉ) ಮೆಟ್ಟಿಲು ಕೋಣೆಯ ಅಗ್ನಿನಿರೋಧಕ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವಂತಿರುತ್ತವೆ. ಗಾಳಿಗಾಗಿ ಅಥವಾ ಓಡಾಟದ ಅನುಕೂಲಕ್ಕಾಗಿ ಅವುಗಳಿಗೆ ಇಟ್ಟಿಗೆ, ಮರದ ತುಂಡು ಇಟ್ಟು ತೆರೆದಿಡಬಾರದು. ಹಾಗೆ ಮಾಡಿದಲ್ಲಿ ಮೆಟ್ಟಿಲೇ ಹೊಗೆಯ ಕೊಳವೆಯಾಗಿ ಪರಿಣಮಿಸುತ್ತದೆ. ಮುಚ್ಚಿರುವುದಕ್ಕೂ ಬೀಗ ಹಾಕಿರುವುದಕ್ಕೂ ಇರುವ ವ್ಯತ್ಯಾಸವನ್ನು ಸಿಬ್ಬಂದಿಗೆ ತಿಳಿಸಿಕೊಡುವುದು ಅಗತ್ಯ.

7. ನಡುದಾರಿ, ಮೆಟ್ಟಿಲು ಮತ್ತು ಹೊರಾಂಗಣ

ನಡುದಾರಿಗಳನ್ನು ನೆಲದ ಮೇಲೆ ಬಣ್ಣದ ಪಟ್ಟಿಗಳಿಂದ ಗುರುತಿಸಿ ಸದಾ ತೆರವಾಗಿಡತಕ್ಕದ್ದು. ಬಟ್ಟೆಯ ಥಾನು, ರಟ್ಟಿನ ಪೆಟ್ಟಿಗೆ, ಕಚ್ಚಾ ಸಾಮಗ್ರಿ, ಕೆಟ್ಟ ಯಂತ್ರ, ಮುರಿದ ಕುರ್ಚಿ ಮುಂತಾದವುಗಳನ್ನು ನಡುದಾರಿಯಲ್ಲಾಗಲಿ ಮೆಟ್ಟಿಲಿನ ಕೆಳಗಾಗಲಿ ತಾತ್ಕಾಲಿಕವಾಗಿಯೂ ಇಡಬಾರದು. ರವಾನೆಯ ಹಿಂದಿನ ದಿನ ಸಿದ್ಧ ಸರಕು ಹೆಚ್ಚಾಗುವುದು ಸಹಜ. ಅಂತಹ ದಿನಗಳಿಗಾಗಿ ಪ್ರತ್ಯೇಕ ಜಾಗವನ್ನು ಮುಂಚಿತವಾಗಿ ನಿಗದಿಪಡಿಸಬೇಕು. ಮೆಟ್ಟಿಲಿನ ಬುಡದಲ್ಲಿ ವಿದ್ಯುತ್ ಮೀಟರ್ ಫಲಕ, ದ್ವಿಚಕ್ರ ವಾಹನ, ಡೀಸೆಲ್ ಡಬ್ಬಿ ಅಥವಾ ಅಡುಗೆ ಅನಿಲದ ಸಿಲಿಂಡರ್ ಇದ್ದಲ್ಲಿ ಬೆಂಕಿಯು ಹೊರದಾರಿಯಲ್ಲೇ ಹುಟ್ಟುವ ಅಪಾಯವಿದೆ.

ನೆಲವು ಎಣ್ಣೆ, ನೀರು ಮುಂತಾದವುಗಳಿಂದ ಜಾರದಂತಿರಬೇಕು. ಮೆಟ್ಟಿಲುಗಳಿಗೆ ಗಟ್ಟಿಯಾದ ಹಿಡಿಗಂಬಿ ಇರಬೇಕು. ಎತ್ತರ ಮತ್ತು ಅಗಲದಲ್ಲಿ ಮೆಟ್ಟಿಲುಗಳು ಒಂದೇ ಸಮನಾಗಿರಬೇಕು. ಹೊರಾಂಗಣದಲ್ಲಿ ಅಗ್ನಿಶಾಮಕ ವಾಹನ ಬರುವ ದಾರಿಯಿಂದ ದೂರವಾಗಿ, ಹಾಜರಿ ತೆಗೆದುಕೊಳ್ಳಲು ಅನುಕೂಲವಾದ ಸುರಕ್ಷಿತ ಸೇರುವ ಸ್ಥಳವನ್ನು ಗುರುತಿಸಿ ಫಲಕ ಹಾಕಬೇಕು.

8. ಬೆಳಕು, ಫಲಕ ಮತ್ತು ಎಚ್ಚರಿಕೆ

ಬೆಂಕಿ ಬಿದ್ದಾಗ ಮೊದಲು ಹೋಗುವುದು ವಿದ್ಯುತ್. ಆದುದರಿಂದ ನಿರ್ಗಮನ ಮಾರ್ಗದುದ್ದಕ್ಕೂ ಬ್ಯಾಟರಿ ಅಥವಾ ಪ್ರತ್ಯೇಕ ಮೂಲದಿಂದ ಉರಿಯುವ ತುರ್ತು ದೀಪಗಳಿರಬೇಕು. ಇವು ಕನಿಷ್ಠ 90 ನಿಮಿಷಗಳ ಕಾಲ ಉರಿಯುವ ಸಾಮರ್ಥ್ಯ ಹೊಂದಿರಬೇಕು. ದಿಕ್ಕು ಬದಲಾಗುವ ಪ್ರತಿಯೊಂದು ತಿರುವಿನಲ್ಲಿಯೂ ಬಾಣದ ಗುರುತಿನ ಫಲಕವಿರಬೇಕು. ಹೊರದಾರಿಯಲ್ಲದ ಶೌಚಾಲಯ, ಉಗ್ರಾಣ ಮುಂತಾದ ಬಾಗಿಲುಗಳ ಮೇಲೆ ಅವುಗಳ ಹೆಸರನ್ನು ಬರೆದಿದ್ದರೆ ಜನರು ದಾರಿ ತಪ್ಪುವುದಿಲ್ಲ.

ಫಲಕಗಳಲ್ಲಿ ಚಿತ್ರದ ಗುರುತಿನೊಂದಿಗೆ ಕನ್ನಡದ ಬರಹವಿರಬೇಕು. ಹಿಂದಿ, ಒಡಿಯಾ, ಬಂಗಾಳಿ, ತಮಿಳು, ತೆಲುಗು ಮುಂತಾದ ಭಾಷೆಗಳನ್ನಾಡುವ ವಲಸೆ ಕಾರ್ಮಿಕರು ಹೆಚ್ಚಿರುವಲ್ಲಿ ಅವರ ಭಾಷೆಯಲ್ಲಿಯೂ ಬರೆಸುವುದು ಸೂಕ್ತ. ಓದಲು ಬಾರದವರಿಗೆ ಮೊದಲ ದಿನವೇ ದಾರಿಯನ್ನು ನಡೆದು ತೋರಿಸಬೇಕು. ಎಚ್ಚರಿಕೆ ಗಂಟೆಯು ಯಂತ್ರಗಳ ಸದ್ದಿನ ನಡುವೆಯೂ ಕೇಳಿಸುವಂತಿರಬೇಕು. ಪಾಳಿ ಬದಲಾವಣೆಯ ಗಂಟೆಗಿಂತ ಅದರ ದನಿ ಭಿನ್ನವಾಗಿರಬೇಕು.

9. ತರಬೇತಿ ಮತ್ತು ಅಣಕು ಕಾರ್ಯಾಚರಣೆ

ಅಪಾಯದ ಸಮಯದಲ್ಲಿ ಮನುಷ್ಯನು ಸಾಮಾನ್ಯವಾಗಿ ತಾನು ದಿನನಿತ್ಯ ಒಳಬಂದ ಬಾಗಿಲಿನ ಕಡೆಗೇ ಓಡುತ್ತಾನೆ. ಇನ್ನೊಂದು ದಾರಿಯನ್ನು ಒಮ್ಮೆಯಾದರೂ ಬಳಸಿದ್ದರೆ ಮಾತ್ರ ಅದು ನೆನಪಿಗೆ ಬರುತ್ತದೆ. ಆದುದರಿಂದ ಅಣಕು ಕಾರ್ಯಾಚರಣೆಯಲ್ಲಿ ಮುಖ್ಯದ್ವಾರವನ್ನು ಮುಚ್ಚಲಾಗಿದೆಯೆಂದು ಭಾವಿಸಿ ತುರ್ತು ದ್ವಾರದಿಂದಲೇ ಎಲ್ಲರನ್ನೂ ಹೊರಕಳುಹಿಸುವುದು ಪರಿಣಾಮಕಾರಿಯಾಗಿರುತ್ತದೆ. ರಾತ್ರಿ ಪಾಳಿಯವರನ್ನು, ಗುತ್ತಿಗೆ ಕಾರ್ಮಿಕರನ್ನು, ಊಟದ ಕೋಣೆ ಮತ್ತು ಶಿಶುಪಾಲನಾ ಕೇಂದ್ರದಲ್ಲಿರುವವರನ್ನು ಇದರಿಂದ ಹೊರಗಿಡಬಾರದು. ಹೊರಬರಲು ತೆಗೆದುಕೊಂಡ ಸಮಯ, ಹಾಜರಿಯ ಲೆಕ್ಕ ಹಾಗೂ ಕಂಡುಬಂದ ನ್ಯೂನತೆಗಳನ್ನು ದಾಖಲೆ ಪುಸ್ತಕದಲ್ಲಿ ನಮೂದಿಸತಕ್ಕದ್ದು.

ಚಲನೆಯ ತೊಂದರೆಯಿರುವವರು, ದೃಷ್ಟಿ ಅಥವಾ ಶ್ರವಣ ದೋಷವುಳ್ಳವರು ಮತ್ತು ಗರ್ಭಿಣಿಯರು ಇರುವಲ್ಲಿ, ಪ್ರತಿಯೊಬ್ಬರಿಗೂ ಅದೇ ಪಾಳಿಯಲ್ಲಿ ನೆರವಾಗುವ ಇಬ್ಬರು ಸಹೋದ್ಯೋಗಿಗಳನ್ನು ಮುಂಚಿತವಾಗಿ ಗೊತ್ತುಪಡಿಸಬೇಕು. ಗಂಟೆ ಕೇಳಿಸದವರಿಗಾಗಿ ಮಿನುಗುವ ದೀಪದ ಸೂಚನೆ ಇರಬೇಕು.

10. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ನಕ್ಷೆ ಅನುಮೋದನೆಗಾಗಿ ಸಲ್ಲಿಸುವ ನಕ್ಷೆಯಲ್ಲಿ ಈ ಕೆಳಕಂಡ ವಿವರಗಳು ಸ್ಪಷ್ಟವಾಗಿದ್ದರೆ ಪರಿಶೀಲನೆಗೆ ಅನುಕೂಲವಾಗುತ್ತದೆ.

1) ಪ್ರತಿ ಮಹಡಿಯಲ್ಲಿ ಒಂದು ಪಾಳಿಯಲ್ಲಿ ಇರುವ ಗರಿಷ್ಠ ಜನರ ಸಂಖ್ಯೆ.
2) ಎಲ್ಲ ನಿರ್ಗಮನ ದ್ವಾರಗಳು, ಅವುಗಳ ಅಗಲ ಮತ್ತು ತೆರೆಯುವ ದಿಕ್ಕು.
3) ಯಂತ್ರಗಳನ್ನು ಅಳವಡಿಸಿದ ನಂತರ ಉಳಿಯುವ ನಡುದಾರಿಗಳು ಮತ್ತು ಅತಿ ದೂರದ ಕೆಲಸದ ಜಾಗದಿಂದ ದ್ವಾರಕ್ಕಿರುವ ದೂರ.
4) ಮೆಟ್ಟಿಲುಗಳ ಸ್ಥಾನ, ಅಗಲ ಮತ್ತು ಅವು ನೆಲಮಟ್ಟದಲ್ಲಿ ಎಲ್ಲಿಗೆ ತೆರೆದುಕೊಳ್ಳುತ್ತವೆ ಎಂಬ ವಿವರ.
5) ಸುಡುವ ಅಥವಾ ಸ್ಫೋಟಕ ವಸ್ತುಗಳನ್ನು ಇಡುವ ಜಾಗ.
6) ಸುರಕ್ಷಿತ ಸೇರುವ ಸ್ಥಳ ಮತ್ತು ಅಗ್ನಿಶಾಮಕ ವಾಹನದ ದಾರಿ.

ಅನುಮೋದನೆಯ ನಂತರ ಯಂತ್ರಗಳನ್ನು ಹೆಚ್ಚಿಸುವುದು, ಗೋಡೆ ಕಟ್ಟುವುದು, ಮಹಡಿ ಸೇರಿಸುವುದು, ಉಗ್ರಾಣವನ್ನು ಕೆಲಸದ ಕೋಣೆಯಾಗಿ ಪರಿವರ್ತಿಸುವುದು ಮುಂತಾದ ಬದಲಾವಣೆಗಳಿಂದ ಮೊದಲಿನ ಲೆಕ್ಕವು ತಪ್ಪಾಗುತ್ತದೆ. ಅಂತಹ ಬದಲಾವಣೆಗೆ ಮುನ್ನ ಪರಿಷ್ಕೃತ ನಕ್ಷೆಗೆ ಅನುಮೋದನೆ ಪಡೆಯತಕ್ಕದ್ದು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಅಗತ್ಯವಿರುವ ಕಟ್ಟಡಗಳಿಗೆ ಅದನ್ನು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಿಂದ ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ.

11. ಕಾರ್ಮಿಕರ ಹಕ್ಕು ಮತ್ತು ಕರ್ತವ್ಯಗಳು

2020ರ ಸಂಹಿತೆಯ 14ನೇ ಪ್ರಕರಣದಂತೆ ಕೆಲಸದ ಸ್ಥಳದ ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಉದ್ಯೋಗದಾತರಿಂದ ಪಡೆಯುವ ಹಕ್ಕು ಕಾರ್ಮಿಕರಿಗಿದೆ. ಗಂಭೀರ ಗಾಯ ಅಥವಾ ಸಾವಿನ ಅಪಾಯ ಸನ್ನಿಹಿತವಾಗಿದೆಯೆಂದು ಸಕಾರಣವಾಗಿ ಅನಿಸಿದಲ್ಲಿ ಅದನ್ನು ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಸದಸ್ಯರ ಮೂಲಕ ಉದ್ಯೋಗದಾತರ ಗಮನಕ್ಕೂ, ಅದೇ ಕಾಲಕ್ಕೆ ನಿರೀಕ್ಷಕ-ಸುಗಮಕಾರರ ಗಮನಕ್ಕೂ ತರಬಹುದು. ಅಪಾಯವಿರುವುದು ನಿಜವೆಂದು ಮನಗಂಡ ಉದ್ಯೋಗದಾತರು ತಕ್ಷಣ ಪರಿಹಾರ ಕ್ರಮ ಕೈಗೊಳ್ಳಬೇಕಾಗುತ್ತದೆ.

ದೂರಿನಲ್ಲಿ ಸ್ಥಳದ ವಿಳಾಸ, ಯಾವ ಮಹಡಿಯ ಯಾವ ಬಾಗಿಲು, ಯಾವ ಸಮಯದಲ್ಲಿ ಬೀಗ ಹಾಕಲಾಗುತ್ತದೆ ಅಥವಾ ಮುಚ್ಚಲ್ಪಟ್ಟಿರುತ್ತದೆ ಎಂಬುದನ್ನು ನಿಖರವಾಗಿ ಬರೆಯಬೇಕು. ಹೆಸರನ್ನು ಗೋಪ್ಯವಾಗಿಡುವಂತೆ ಕೋರಬಹುದು. ಸುರಕ್ಷತಾ ಸಾಧನಗಳನ್ನು ಕೆಡಿಸದಿರುವುದು, ತುರ್ತು ದ್ವಾರದ ಮುಂದೆ ಚೀಲ, ಊಟದ ಡಬ್ಬಿ ಇಡದಿರುವುದು ಕಾರ್ಮಿಕರ ಕರ್ತವ್ಯವಾಗಿರುತ್ತದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸರಕು ಕಳವಾಗುವುದನ್ನು ತಡೆಯಲು ಹಿಂಬಾಗಿಲಿಗೆ ಬೀಗ ಹಾಕಬಹುದೇ?
ಉತ್ತರ: ಒಳಗೆ ಜನರಿರುವಾಗ ಹಾಕಬಾರದು. ಬಾಗಿಲು ತೆರೆದ ಕೂಡಲೇ ಸದ್ದು ಮಾಡುವ ಗಂಟೆ, ಕ್ಯಾಮೆರಾ, ಬಾಗಿಲಿನ ಹೊರಗೆ ಕಾವಲುಗಾರ, ತಪಾಸಣೆಯನ್ನು ಮಹಡಿಯ ಬಾಗಿಲಿನ ಬದಲು ಆವರಣದ ಗೇಟಿನಲ್ಲಿ ನಡೆಸುವುದು ಮುಂತಾದ ಮಾರ್ಗೋಪಾಯಗಳಿವೆ. ಹೊರಗಿನಿಂದ ಒಳಬರುವುದನ್ನು ತಡೆಯುವ ಚಿಲಕಕ್ಕೆ ಅಡ್ಡಿಯಿಲ್ಲ. ಆದರೆ ಅದು ಒಳಗಿನವರನ್ನು ತಡೆಯುವಂತಿರಬಾರದು.

ಪ್ರಶ್ನೆ: ರೋಲಿಂಗ್ ಷಟರ್ ಅಥವಾ ಮಡಚುವ ಕಬ್ಬಿಣದ ಗೇಟನ್ನು ತುರ್ತು ದ್ವಾರವೆಂದು ತೋರಿಸಬಹುದೇ?
ಉತ್ತರ: ಸೂಕ್ತವಲ್ಲ. ಇವು ತಳ್ಳಿದರೆ ತೆರೆಯುವುದಿಲ್ಲ. ಶಾಖಕ್ಕೆ ಬಾಗಿ ಸಿಕ್ಕಿಕೊಳ್ಳುತ್ತವೆ. ಮುಖ್ಯದ್ವಾರಕ್ಕೆ ಷಟರ್ ಇದ್ದಲ್ಲಿ ಕೆಲಸದ ಅವಧಿಯಿಡೀ ಅದನ್ನು ಸಂಪೂರ್ಣವಾಗಿ ಮೇಲೆತ್ತಿ ಭದ್ರಪಡಿಸಿರಬೇಕು. ಅರ್ಧ ಇಳಿಸಿ ಒಳಗೆ ಕೆಲಸ ಮಾಡಿಸುವುದು ಅಪಾಯಕಾರಿ.

ಪ್ರಶ್ನೆ: ವಾಸದ ಮನೆಯ ಮೇಲ್ಮಹಡಿಯನ್ನು ಬಾಡಿಗೆಗೆ ಪಡೆದು ಘಟಕ ನಡೆಸಲಾಗುತ್ತಿದೆ. ಒಂದೇ ಮೆಟ್ಟಿಲಿದೆ. ಏನು ಮಾಡಬೇಕು?
ಉತ್ತರ: ವಾಸಕ್ಕೆಂದು ಕಟ್ಟಿದ ಮೆಟ್ಟಿಲು ಹತ್ತಾರು ಜನರ ಏಕಕಾಲದ ನಿರ್ಗಮನಕ್ಕೆ ಸಾಲದು. ಬಾಡಿಗೆ ಕರಾರಿಗೆ ಮುನ್ನವೇ ಎರಡನೆಯ ಮೆಟ್ಟಿಲಿಗೆ ಅವಕಾಶವಿದೆಯೇ ಎಂಬುದನ್ನು ಪರಿಶೀಲಿಸಬೇಕು. ಅವಕಾಶವಿಲ್ಲದಿದ್ದಲ್ಲಿ ಆ ಜಾಗವು ಅಂತಹ ಕೆಲಸಕ್ಕೆ ಯೋಗ್ಯವಲ್ಲ.

ಪ್ರಶ್ನೆ: ಕಿಟಕಿಗಳಿಗೆ ಕಬ್ಬಿಣದ ಸರಳುಗಳಿವೆ. ತೆಗೆಯಬೇಕೇ?
ಉತ್ತರ: ಕಿಟಕಿಯು ನಿರ್ಗಮನ ದ್ವಾರಕ್ಕೆ ಪರ್ಯಾಯವಲ್ಲ. ಆದರೆ ಅಗ್ನಿಶಾಮಕ ಸಿಬ್ಬಂದಿಗೆ ಅದು ರಕ್ಷಣೆಯ ದಾರಿಯಾಗಬಹುದು. ಪ್ರತಿ ಮಹಡಿಯಲ್ಲಿ ಕೆಲವು ಕಿಟಕಿಗಳಿಗಾದರೂ ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯಬಹುದಾದ ಸರಳಿನ ಚೌಕಟ್ಟು ಹಾಕಿಸುವುದು ಒಳ್ಳೆಯದು.

ಪ್ರಶ್ನೆ: ಹೊಗೆ ತುಂಬಿದಾಗ ಏನು ಮಾಡಬೇಕು?
ಉತ್ತರ: ನೆಲಕ್ಕೆ ಸಮೀಪವಾಗಿ ಬಗ್ಗಿ ಅಥವಾ ತೆವಳಿ ಹತ್ತಿರದ ದ್ವಾರದತ್ತ ಸಾಗಬೇಕು. ಬಾಗಿಲನ್ನು ತೆರೆಯುವ ಮೊದಲು ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಬೇರೆ ದಾರಿ ಹಿಡಿಯಬೇಕು. ಲಿಫ್ಟ್ ಬಳಸಬಾರದು. ಬಿಟ್ಟುಬಂದ ವಸ್ತುಗಳಿಗಾಗಿ ಮರಳಿ ಹೋಗಬಾರದು. ಹೊರಬಂದವರು ಸೇರುವ ಸ್ಥಳದಲ್ಲಿ ಹಾಜರಿ ನೀಡಬೇಕು. ಅಗ್ನಿಶಾಮಕ ಸೇವೆಗೆ 101 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

13. ಪ್ರತಿ ಪಾಳಿಯ ಆರಂಭದಲ್ಲಿ ಪರಿಶೀಲಿಸಬೇಕಾದ ಅಂಶಗಳು

1) ಎಲ್ಲ ನಿರ್ಗಮನ ದ್ವಾರಗಳನ್ನು ಒಳಗಿನಿಂದ ತಳ್ಳಿ ತೆರೆದು ನೋಡಲಾಗಿದೆಯೇ?
2) ನಡುದಾರಿ ಮತ್ತು ಮೆಟ್ಟಿಲುಗಳು ತೆರವಾಗಿವೆಯೇ?
3) ತುರ್ತು ದೀಪ ಮತ್ತು ಫಲಕಗಳು ಉರಿಯುತ್ತಿವೆಯೇ?
4) ಮೆಟ್ಟಿಲು ಕೋಣೆಯ ಬಾಗಿಲುಗಳು ಮುಚ್ಚಿದ್ದು, ಬೀಗರಹಿತವಾಗಿವೆಯೇ?
5) ಹೊರಾಂಗಣದ ಗೇಟು ಮತ್ತು ಸೇರುವ ಸ್ಥಳ ಮುಕ್ತವಾಗಿವೆಯೇ?
6) ಈ ಪಾಳಿಯಲ್ಲಿ ಒಳಗಿರುವವರ ಸಂಖ್ಯೆ ಗೇಟಿನಲ್ಲಿ ದಾಖಲಾಗಿದೆಯೇ?

ಈ ಪರಿಶೀಲನೆಯನ್ನು ನಡೆಸುವ ವ್ಯಕ್ತಿಯನ್ನು ಹೆಸರಿನಿಂದ ಗೊತ್ತುಪಡಿಸಿ, ಅವರು ರಜೆಯಲ್ಲಿರುವಾಗ ಹೊಣೆ ಹೊರುವವರನ್ನೂ ನಿಗದಿಪಡಿಸತಕ್ಕದ್ದು. ಯಾವುದಾದರೂ ಒಂದು ದ್ವಾರವು ತೆರೆಯದಿದ್ದಲ್ಲಿ, ಅದು ಸರಿಯಾಗುವವರೆಗೆ ಆ ದ್ವಾರವನ್ನು ಅವಲಂಬಿಸಿರುವ ಭಾಗದಲ್ಲಿ ಕೆಲಸವನ್ನು ಆರಂಭಿಸಬಾರದು.